ಅಪ್ಪಣೆಯಿಲ್ಲದೆ ಕೋಣೆಗೆ ಹೋಗದ ಚಿಗವ್ವ

ನಮ್ಮ ಚಿಗವ್ವನಿಗೆ ಆಸ್ಟ್ರೇಲಿಯಾ ಸರ್ಕಾರ ವೀಸಾ ಕೊಟ್ಟಿದೆ. ಚಿಗವ್ವ ಮಾತ್ರ ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ!

ಅವರು ಧಾರವಾಡದ ಕಡೆಯವರು. ಹೊಸ ಊರಿಗೆ ಹೋದರೆ ಅಲ್ಲಿನ ಗ್ರಾಮದೇವತೆಗೂ ಹಿರಿಯರಿಗೂ 'ಬಂದೇವಿ' ಎಂದು ಹೇಳಿ, ಅಪ್ಪಣೆ ಪಡೆದೇ ನೆಲೆ ನಿಲ್ಲಬೇಕು ಎಂಬುದು ಅವರ ನಿಯಮ. ಹಿಂದೆ ಮೆಲ್ಬರ್ನ್‌ನ ವೆರಿಬೀಯಲ್ಲಿದ್ದ ಮಗಳ ಮನೆಗೆ ಬಂದಾಗ, ಇಲ್ಲಿನ ಹಿರಿಯರು ಯಾರು ಎಂದು ವಿಚಾರಿಸಿದರಂತೆ. ಅಳಿಯ ತಮಾಷೆಗೆ ಕೌನ್ಸಿಲ್, ಅಂದರೆ ನಗರಸಭೆ, ಎಂದ. ಮರುದಿನ ಕೌನ್ಸಿಲ್ ಆಫೀಸಿನ ಕೌಂಟರ್ ಮೇಲೆ ತೆಂಗಿನಕಾಯಿ! ಅಲ್ಲಿಯವರು ಪಾಪ, ಟೋಕನ್ ಕೊಟ್ಟು ಕೂರಿಸಿದರಂತೆ.

ಮಗಳಿಗೆ ಬೇರೆ ದೇಶಕ್ಕೆ ವರ್ಗವಾದ ಮೇಲೆ, ಚಿಗವ್ವ ಕಾಯಂ ಇರಲೆಂದು ಸಿಡ್ನಿಯಲ್ಲಿರುವ ನಮ್ಮ ಮನೆಗೆ ಬಂದರು. ಅಪ್ಪಣೆಯಾಗದೆ ಕೋಣೆಗೆ ಕಾಲಿಡುವುದಿಲ್ಲವೆಂದು ಮೂರು ರಾತ್ರಿ ಸೋಫಾದ ಮೇಲೇ ಮಲಗಿದರು. ನಾನೋ, ಮೋಡ ಕಂಡರೆ ಇನ್ಶೂರೆನ್ಸ್ ಕಾಗದ ಹುಡುಕುವ ಮನುಷ್ಯ. ಚಿಗವ್ವ ವಾಪಸು ಹೊರಟುಬಿಟ್ಟರೆ ಎಂದು ನಿದ್ದೆಗೆಟ್ಟೆ.

ನಾಲ್ಕನೆಯ ದಿನ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಬೀದಿಯಾಚೆಯ ಪಾರ್ಕಿಗೆ ಕರೆದೊಯ್ದೆ. ಅಲ್ಲಿ ಹೊಸದಾಗಿ ಒಂದು ಕಲಾಕೃತಿ ನಿಲ್ಲಿಸಿದ್ದರು: ದೋಣಿಯಷ್ಟು ದೊಡ್ಡ, ಅಗಲ ಬಾಯಿಯ ಕಂಚಿನ ಮರಿಗೆ, ಸುತ್ತಲೂ ಈ ನೆಲದ್ದೇ ಹುಲ್ಲು, ಪೊದೆ. ಇಲ್ಲಿನ ಮೂಲನಿವಾಸಿಗಳು ಇಂಥ ಮರಿಗೆಯಲ್ಲಿ ಎಲೆ ಸುಟ್ಟು, ಆ ಹೊಗೆಯಿಂದ ಬಂದವರನ್ನು ಬರಮಾಡಿಕೊಳ್ಳುತ್ತಾರೆ ಎಂಬ ಫಲಕ ಓದಿ ಹೇಳಿದೆ. ಚಿಗವ್ವನ ಮುಖ ಅರಳಿತು.

"ಇದನ್ನ ಮೊದಲ ದಿನಾನ ತೋರಸಬಾರದೇನೋ?"

ಅಷ್ಟರಲ್ಲಿ ನನಗೆ ಆಫೀಸಿನ ಫೋನು. ಮಾತು ಮುಗಿಸಿ ತಿರುಗಿದರೆ, ಸೆರಗು ಸಿಕ್ಕಿಸಿಕೊಂಡ ಚಿಗವ್ವ ಸುತ್ತಲ ಹುಲ್ಲನ್ನು ಅರ್ಧ ಕಿತ್ತು ಗುಡ್ಡೆ ಹಾಕಿದ್ದರು!

"ದೇವರ ಕಟ್ಟೀ ಮುಂದ ಇಷ್ಟು ಕಸಾ ಬಿಡತಾರೇನು?"

ಕಲಾಕೃತಿಯ ಅರ್ಧಭಾಗವೇ ಆ ಕಸ! ದಂಡ, ಪೊಲೀಸು, ಗಡೀಪಾರು, ಎಲ್ಲವೂ ಅದೇ ಕ್ರಮದಲ್ಲಿ ನನ್ನ ಕಣ್ಣ ಮುಂದೆ ಹಾದುಹೋದವು. ಆಗಲೇ ಟೋಪಿ ಹಾಕಿದ ಹೆಂಗಸೊಬ್ಬರು ಬಂದರು. ತಾವು ಮೂಲನಿವಾಸಿ ಸಮುದಾಯದವರು, ಆ ಹುಲ್ಲನ್ನು ಕೈಯಾರೆ ನೆಟ್ಟವರು ಎಂದರು. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಖರ್ಚು ಮಾಡಿ ಕ್ಷಮೆ ಕೇಳಿದೆ. ಅವರು ಒಂದು ಹುಲ್ಲಿನ ಬುಡ ಎತ್ತಿ, ಬೇರು ನೋಡಿ, ಮತ್ತೆ ನೆಡತೊಡಗಿದರು. ಚಿಗವ್ವನಿಗೆ ತಪ್ಪು ತಿಳಿಯಿತು. ಪಕ್ಕದಲ್ಲೇ ಕುಳಿತು ತಾವೂ ನೆಟ್ಟರು. ಕೊನೆಯ ಬುಡ ನೆಟ್ಟ ಮೇಲೆ ಮಣ್ಣಿನ ಕೈಯನ್ನೇ ಜೋಡಿಸಿ ನನ್ನತ್ತ ತಿರುಗಿದರು.

"ಈಕೀನ್ನ ಕೇಳು, ನಾವು ಇಲ್ಲೆ ಇರಬಹುದೇನು ಅಂತ."

ನಾನು ಈ ದೇಶಕ್ಕೆ ಬಂದು ಹದಿನೆಂಟು ವರ್ಷವಾಯಿತು. ರೆಂಟ್, ಕಾಯಂ ವಾಸದ ಪಿಆರ್, ಪಾಸ್‌ಪೋರ್ಟ್ ಎಂದು ಎಷ್ಟು ಫಾರಂ ತುಂಬಿದ್ದೇನೆ! ಈ ಪ್ರಶ್ನೆಯನ್ನು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ. ಅದನ್ನು ಇಂಗ್ಲಿಷಿಗೆ ತಂದು ಆಕೆಯನ್ನು ಕೇಳಿದೆ.

ಆಕೆ ಚಿಗವ್ವನನ್ನು ನೋಡಿದರು, ಆಮೇಲೆ ನನ್ನನ್ನು. ಹುಲ್ಲು ಬೇರು ಹಿಡಿಯುವವರೆಗೂ ದಿನಾ ನೀರು ಹಾಕಬೇಕು, ಇಬ್ಬರೂ ಬನ್ನಿ ಎಂದರು.