ನೆಗ್ಗಿದ ಲೋಟದ ಬೆಲೆ

ಬೆಳ್ಳಿ ಪರೀಕ್ಷೆಯ ನಾಲ್ಕಾರು ವಿಡಿಯೋ ನೋಡಿದ್ದೇ ತಡ, ಚಿತ್ರದುರ್ಗದ ಅಕ್ಕಸಾಲಿಗರೆಲ್ಲ ನನಗೆ ಒಂದನೇ ಕ್ಲಾಸಿನ ಮಕ್ಕಳಂತೆ ಕಾಣತೊಡಗಿದರು. ಅದೇ ಸಮಯಕ್ಕೆ ತಾಳ್ಯದಿಂದ ನಮ್ಮತ್ತೆ ವೀರಮ್ಮನವರ ಫೋನು ಬಂತು.

"ಎರಡು ಬೆಳ್ಳಿ ಲೋಟ ಅವೆ. ಹೆಣ್ಮಕ್ಕಳಿಬ್ರೂ ಬಂದು ಒಂದೊಂದು ತಗಂಡ್ಹೋಗ್ರಿ. ದಾಕ್ಷಾಯಿಣಿ ದೊಡ್ಡಾಕಿ, ಮೊದ್ಲು ಅವಳೇ ಆರಿಸ್ಕಳ್ಳಿ."

ಬಸ್ಸಿನಲ್ಲೇ ಹೆಂಡತಿಗೆ ತಾಕೀತು ಮಾಡಿದೆ. "ನೀನು ಬಾಯಿ ಬಿಡಬೇಡ. ಆರಿಸೋದು ನಾನು."

"ನೀವು ಬದನೆಕಾಯಿ ಆರಿಸಿದ್ರೇ ಹುಳ ಇರ್ತಾವೆ," ಎಂದಳು ದಾಕ್ಷಾಯಿಣಿ. (ಮಹಾಪುರುಷರ ಮನೆಯವರು ಮಾತಾಡುವುದೇ ಹೀಗೆ.)

ನಾದಿನಿ ರಮ್ಯಾ, ಅವಳ ಗಂಡ ಕಲ್ಲೇಶ್ ಆಗಲೇ ಬಂದಿದ್ದರು. ಅತ್ತೆ ಲೋಟಗಳನ್ನು ಚಾಪೆಯ ಮೇಲಿಟ್ಟರು. ಒಂದು ನುಣ್ಣಗೆ ಕನ್ನಡಿಯಂತಿತ್ತು. ಇನ್ನೊಂದರ ತಳದ ತುಂಬ ನೆಗ್ಗು, ಅಂಚೂ ಸೊಟ್ಟ.

ಕನ್ನಡಕ ಏರಿಸಿದೆ. ಬೆರಳಿನಿಂದ ಬಾರಿಸಿ ನಾದ ಕೇಳಿದೆ. ಮೂಸಿಯೂ ನೋಡಿದೆ (ಇದು ವಿಡಿಯೋದಲ್ಲಿರಲಿಲ್ಲ, ಸ್ವಂತ ಸಂಶೋಧನೆ). ನೆಗ್ಗಿದ್ದರಲ್ಲಿ ಏನೋ ಘಾಟು. ಪುರಾತನದ ಘಾಟು ಎಂದು ತೀರ್ಮಾನಿಸಿದೆ.

"ಆ ನುಣ್ಣಂದು ಮಿಷನ್ ಮಾಲು. ಕೈಗೆಲಸ ಅಂದ್ರೆ ಇದು! ಒಂದೊಂದು ನೆಗ್ಗೂ ಕಲಾವಿದನ ಸುತ್ತಿಗೆ ಏಟು. ಇದಕ್ಕೆ ತೂಕದ ಬೆಲೆ ಅಲ್ಲ, ಕಲೆಯ ಬೆಲೆ!"

"ತಡೀರಿ, ಅಮ್ಮನ್ನ ಒಂದ್ಮಾತು ಕೇಳಾಣ," ಎಂದು ದಾಕ್ಷಾಯಿಣಿ ಪಿಸುಗುಟ್ಟಿದಳು.

"ಕಲೆ ಕೇಳಿ ತಿಳಿಯೋದಲ್ಲ," ಎಂದು ನೆಗ್ಗಿದ ಲೋಟವನ್ನು ಅವಳ ಚೀಲಕ್ಕಿಳಿಸಿದೆ.

"ಉಳಿದಿದ್ದು ನಮಗಿರ್ಲಿ ಬಿಡ್ರಿ," ಎಂದ ಕಲ್ಲೇಶ್. ಪಾಪ, ಅವನ ಮೇಲೆ ಕನಿಕರವೇ ಬಂತು.

ಊಟವಾಯಿತು. ಅತ್ತೆ ಎಲೆಗೆ ಸುಣ್ಣ ಸವರುತ್ತ ಕಿರಿಮಗಳಿಗೆ ಹೇಳಿದರು: "ರಮ್ಯಾ, ಅದನ್ನ ಜೋಪಾನ ಮಾಡವ್ವ. ನಮ್ಮಪ್ಪ ಹೊಳಲ್ಕೆರೆ ಅಕ್ಕಸಾಲಿ ಮುಂದೆ ಕುಂತು ಮಾಡಿಸಿದ್ದು. ಹೊರಗೆ ಒಂದೇಟೂ ಕಾಣ್ದಂಗೆ ತಟ್ಟಿ ತಟ್ಟಿ ನುಣ್ಣಗೆ ಮಾಡ್ಯಾನೆ ಪುಣ್ಯಾತ್ಮ. ಒಳಗೆ ಬೆರಳಾಡಿಸು, ಸುತ್ತಿಗೆ ಗುರ್ತು ಸಿಗ್ತೈತೆ."

ನಾನು ಚೀಲದಿಂದ ನಮ್ಮ ಲೋಟ ಹೊರತೆಗೆದೆ. "ಹಂಗಾದ್ರೆ ನಮ್ದು, ಅತ್ತೇರೆ?"

"ಅದಾ? ಅಂಗಡೀಲಿ ತಗಂಡಿದ್ದು. ಕುಟ್ಟಾಣಿ ಕಳೆದ್ಹೋದಾಗಿಂದ ಟೀಗೆ ಶುಂಠಿ ಜಜ್ಜಾಕೆ ಇಟ್ಕಂಡಿದ್ದೆ."

"ಮೊದ್ಲೇ ಹೇಳಬಾರದಿತ್ತಾ?"

"ಅಳಿಯಂದ್ರು ಮಾತಾಡ್ವಾಗ ಅಡ್ಡ ಬಾಯಿ ಹಾಕಬಾರ್ದಲ್ಲಪ್ಪ!"

ಕಲ್ಲೇಶ್ ಸೂರು ನೋಡತೊಡಗಿದ. ಅವನ ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ರಾತ್ರಿ ಮನೆಗೆ ಮರಳಿದೆವು. ಬೆಳಿಗ್ಗೆ ಎದ್ದು, ಮೆಲ್ಲಗೆ ಟೀ ಕೇಳಿದೆ. ದಾಕ್ಷಾಯಿಣಿ ಒಂದು ತುಂಡು ಶುಂಠಿಯನ್ನೂ ಆ ಲೋಟವನ್ನೂ ತಂದು ನನ್ನೆದುರು ಕುಕ್ಕಿದಳು.

"ಜಜ್ರಿ, ಕಲಾವಿದರೇ. ಬೆಲೆ ಇನ್ನೂ ಏರ್ಲಿ."