ಮಾಡು ನೋಡಲು ಮಲಗಿದ್ದು

ಯಾರ ಮನೆಗೆ ಹೋದರೂ ಕೂರುವ ಮೊದಲು ತಲೆಯೆತ್ತಿ ಮಾಡು ನೋಡುವ ಚಟ ನನಗಿದೆ. ಹೊನ್ನಾಳಿಯಲ್ಲಿ ಡ್ರಿಲ್ ಮಾಸ್ತರಾಗಿದ್ದವನು ನಾನು. ನಿವೃತ್ತನಾದ ಮೇಲೆ ಸಾಲಾಗಿ ನಿಲ್ಲಿಸಲು ಹುಡುಗರಿಲ್ಲದೆ ತೊಲೆ, ಜಂತಿಗಳ ಸಾಲನ್ನು ತಪಾಸಣೆ ಮಾಡುತ್ತೇನೆ. "ಹೆಣ್ಣು ನೋಡಾಕೆ ಬಂದಾಗ್ಲೂ ಇವ್ರು ನಮ್ಮನೆ ತೊಲೆ ನೋಡ್ಕೋತ ಕುಂತಿದ್ರು" ಎಂದು ಹೆಂಡತಿ ಇಂದಿಗೂ ಬಂದವರೆದುರು ಹೇಳುತ್ತಾಳೆ. ಸುಳ್ಳಲ್ಲ. ಒಳ್ಳೆಯ ತೇಗದ ತೊಲೆ ಅದು.

ನ್ಯಾಮತಿ ಕಡೆಯ ಹಳ್ಳಿಯೊಂದರಲ್ಲಿ ಹಳೆಯ ಚರ್ಚಿದೆ, ಅಷ್ಟಗಲದ ಹೆಂಚಿನ ಮಾಡು ನಡುವೆ ಒಂದೂ ಕಂಬವಿಲ್ಲದೆ ನಿಂತಿದೆ ಎಂದು ಕೇಳಿದ ಮೇಲೆ ತಡೆಯಲಾಗಲಿಲ್ಲ. ಹೋಗಿ ನೋಡಿದರೆ, ಅದು ಊರಿನ ಹಳೇ ಮನೆಗಳ ಅಣ್ಣನಂತಿತ್ತು. ಅದೇ ದಪ್ಪ ಮಣ್ಣಿನ ಗೋಡೆ, ಬಾಗಿಲಿಗೆ ಅದೇ ಕಮಲದ ಕೆತ್ತನೆ. ಶಿಲುಬೆ ಮತ್ತು ಕಮಾನಿನ ಕಿಟಕಿ ಮಾತ್ರ ಬೇರೆ. ಊರ ಬಡಗಿ ತನಗೆ ಬಂದದ್ದನ್ನೇ ಯೇಸುವಿಗೂ ಮಾಡಿಕೊಟ್ಟಿದ್ದ. ಯೇಸುವೂ ಬಡಗಿಯ ಮನೆಯಲ್ಲೇ ಬೆಳೆದವನು, ಬೇಸರಪಟ್ಟಿರಲಾರ.

ಒಳಗೆ ಬೆಂಚಿಲ್ಲ, ಬರೀ ಚಾಪೆ. ಕತ್ತೆತ್ತಿದೆ, ಬೆನ್ನು ಚುರುಕ್ಕೆಂದಿತು. ವರ್ಷಗಳ ನೋವು, ನಡುಪಟ್ಟಿ ಕಟ್ಟಿಯೇ ಓಡಾಟ. ಯಾರೂ ಇರಲಿಲ್ಲ. ಪಟ್ಟಿ ಬಿಚ್ಚಿ ಮಡಚಿಟ್ಟು, ಹಿಮ್ಮಡಿ ಕೂಡಿಸಿ, ಕೈ ನೇರ ಇಟ್ಟು, ಸಾವಧಾನ್ ಭಂಗಿಯಲ್ಲೇ ಅಂಗಾತ ಮಲಗಿದೆ. ಆಗ ತಿಳಿಯಿತು ಕಂಬವಿಲ್ಲದ ಗುಟ್ಟು. ಎರಡೂ ಗೋಡೆಗಳಿಂದ ಮಾಡಿನ ಮರಗಳು ಬಾಗಿ ತಲೆಗೆ ತಲೆ ಕೊಟ್ಟಿವೆ. ಅವುಗಳ ಕಾಲು ಜಾರದಂತೆ ಅಡ್ಡ ತೊಲೆಯೊಂದು ಹಿಡಿದಿದೆ. ನನ್ನ ನಡುಪಟ್ಟಿಯ ಕೆಲಸವೇ!

"ಅಯ್ಯೋ, ಯಾರೋ ಕಾಯಿಲೆಯೋರನ್ನ ಮಲಗಿಸಿ ಹೋಗ್ಯಾರೆ!"

ಒಳಗೆ ಬಂದ ನಾಲ್ಕಾರು ಹೆಂಗಸರು ಸುತ್ತ ಕೂತರು. ಯಾವ ಜಾತಿಯವರಿಗೆ ಮೈ ಸರಿಯಿಲ್ಲದಿದ್ದರೂ ಇಲ್ಲಿ ತಂದು ಮಲಗಿಸಿ ಪ್ರಾರ್ಥನೆ ಮಾಡಿಸುವುದು ಆ ಊರಿನ ವಾಡಿಕೆಯಂತೆ. ನನಗೇನು ಗೊತ್ತು? ಬಾಯಿ ತೆರೆದೆ. ಅವರಲ್ಲಿ ಹಿರಿಯಳಾದ ಜಪಮಾಲಮ್ಮ ಹಣೆಯ ಮೇಲೆ ಕೈಯಿಟ್ಟಳು. "ಮಾತಾಡಬ್ಯಾಡ್ರಿ ಯಜಮಾನ್ರೇ, ಸುಸ್ತಾಗ್ತೈತೆ."

ಪ್ರಾರ್ಥನೆ ಶುರುವಾಯಿತು. ಗುರುತಿಲ್ಲದ ನನಗಾಗಿ ಅವರು ಕಣ್ಣು ಮುಚ್ಚಿ ಬೇಡುತ್ತಿದ್ದರೆ ಎದ್ದು ಹೋಗುವುದು ಹೇಗೆ? ಎದ್ದರೆ ಪವಾಡ, ಏಳದಿದ್ದರೆ ಇರುವ ಒಂದೇ ಬಸ್ಸು ತಪ್ಪುತ್ತದೆ. ಹೊರಗೆ ಹಾರ್ನ್ ಕೇಳಿತು. ದಡಬಡಿಸಿ ಎದ್ದೆ.

"ಎದ್ರು! ಎದ್ರು ನೋಡ್ರೇ!"

"ನಾನು ಮಾಡು ನೋಡಾಕೆ ಬಂದವನು ಕಣಮ್ಮಾ!"

"ನೋಡಾಕೂ ಶಕ್ತಿ ಬಂತಲ್ಲ, ಅಷ್ಟು ಸಾಕು" ಎಂದಳು ಜಪಮಾಲಮ್ಮ.

ಓಡಿ ಬಸ್ಸು ಹಿಡಿದೆ. ಸೊಂಟ ಬರಿದಾಗಿದೆ ಎಂದು ಹೊಳೆದದ್ದು ಸೀಟಿನಲ್ಲಿ ಕೂತ ಮೇಲೆ. ಓಡಿದ್ದರೂ ನೋವಿರಲಿಲ್ಲ. ಮನೆಗೆ ಬಂದು ಹೇಳಿದರೆ, "ಗಟ್ಟಿ ನೆಲದ ಮ್ಯಾಲೆ ಮಲಗ್ರಿ ಅಂತ ಡಾಕ್ಟ್ರು ಎಷ್ಟು ಸಲ ಹೇಳಿದ್ರು, ಕೇಳಿದ್ರಾ?" ಎಂದಳು ಹೆಂಡತಿ. ಗೆಲುವು ಅವಳದೋ ಜಪಮಾಲಮ್ಮನದೋ ಎಂದು ತೀರ್ಮಾನಿಸುವ ಗೋಜಿಗೆ ನಾನು ಹೋಗಲಿಲ್ಲ.

ಮುಂದಿನ ವಾರ ಪಟ್ಟಿ ತರಲೆಂದು ಮತ್ತೆ ಹೋದೆ. ಅದು ಮಾತೆಯ ಪ್ರತಿಮೆಯ ಪಕ್ಕ ಮೊಳೆಗೆ ನೇತಾಡುತ್ತಿತ್ತು, ಮೇಲೊಂದು ಸೇವಂತಿಗೆ ಹಾರ. ಕೆಳಗೆ ಒಬ್ಬ ಮುದುಕ ಅದನ್ನೇ ನೋಡುತ್ತಾ ಕೈಮುಗಿದು ಕೂತಿದ್ದ. ಅದು ಅಲ್ಲೇ ಇರಲಿ ಎಂದುಕೊಂಡೆ. ಆದರೆ ಪಟ್ಟಿ ಒಂದು ಕಡೆ ಜಗ್ಗಿತ್ತು. ಹೋಗಿ ಎರಡೂ ತುದಿ ಸಮ ಮಾಡಿ, ಬಸ್ಸಿಗೆ ಬಂದೆ.