ಮಾಮಾನ ಕಂಪ್ಯೂಟರಿಗೆ ಹಳೇ ಮಾರಿ

ನಗು ಬರೂ ಸಂಗತಿ ಎಲ್ಲಾ ನನಗ ನಗಬಾರದ ಹೊತ್ತಿನ್ಯಾಗ ನಡೀತಾವ. ಇದು ನನ್ನ ಹಣೇಬಾರ. ಬಿಜಾಪುರದ ಅಥಣಿ ರಸ್ತೇದಾಗ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಐತಿ. ಅಲ್ಲಿಗೆ ಯಾರೂ ಖುಷಿಲೆ ಬರೂದಿಲ್ಲ. ಕೆಟ್ಟದ್ದು ಹೊತ್ಕೊಂಡು, ಮಾರಿ ಸಣ್ಣದು ಮಾಡ್ಕೊಂಡು ಬರ್ತಾರ. ದಿನಾ ಅಂಥಾ ಮಾರಿ ನೋಡಿ ನೋಡಿ ನನ್ನ ಮಾರಿನೂ ಹಂಗ ಆಗೇತಿ ಅಂತ ನನ್ನ ಹೆಂಡತಿ ಅಂತಾಳ. ಮದುವಿ ಮನ್ಯಾಗ ಫೋಟೋ ತಗಿಯಾಂವ ‘ಸ್ವಲ್ಪ ನಗ್ರಿ’ ಅಂತಾನ. ನಾ ಆಗಲೇ ನಕ್ಕಿರ್ತೀನಿ.

ಹೊಸ್ತಿಲ ಮ್ಯಾಲ ಯಾಕ

ನನ್ನ ಹತ್ರ ಬರೂ ಕಂಪ್ಯೂಟರ್ ಎಲ್ಲಾ ವಯಸ್ಸಾದವು. ಹೊಸಾ ವಿಂಡೋಸ್ ಹಾಕಿದ್ರ ಅವಕ್ಕ ಉಸರ ಹತ್ತತೈತಿ. ಅದಕ್ಕ ನಾ ಲಿನಕ್ಸ್ ಅಂತ ಒಂದು ಹಗುರ ಸಿಸ್ಟಮ್ ಹಾಕ್ತೀನಿ. ಪುಕ್ಕಟ ಸಿಗತೈತಿ, ಹಳೇ ಯಂತ್ರದಾಗೂ ಛಲೋ ಓಡತೈತಿ. ತೊಂದ್ರಿ ಒಂದ, ಅದರ ಮಾರಿ ಬ್ಯಾರೆ. ಮಂದಿಗೆ ಗುರ್ತ ಹತ್ತೂದಿಲ್ಲ.

ತಿಕೋಟಾದಿಂದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಬಂದಿದ್ದ. ಅವಂಗ ಸಿಸ್ಟಮ್ ಇದ್ದದ್ದು ಇದ್ದಂಗ ಹಾಕಿ ಕೊಟ್ಟೆ. ವಿಂಡೋಸಿನ್ಯಾಗ ಕೆಳಗ ಇರೂ ಪಟ್ಟಿ ಇದರಾಗ ಪರದೆಯ ಮ್ಯಾಲಿನ ಅಂಚಿನ್ಯಾಗ ಇತ್ತು, ಒತ್ತೂ ‘ಸ್ಟಾರ್ಟ್’ ಗುಂಡಿನೂ ಅಲ್ಲೇ. ಅಂವ ಬಾಳ ಹೊತ್ತು ನೋಡಿದ. ಆಮ್ಯಾಲ, ‘ಎಲ್ಲಾ ಐತ್ರಿ, ಖರೆ ಕೆಳಗ ಇರಬೇಕಾದ ಹೊಸ್ತಿಲಾ ಮ್ಯಾಲ ಇಟ್ಟೀರಿ. ನಾ ಒಳಗ ಹೆಂಗ ಹೋಗ್ಲಿ?’ ಅಂದ.

ಪಟ್ಟಿ ಕೆಳಗ ತಂದೆ. ಗುಂಡಿ ಎಡಗಡೆ ಮೂಲ್ಯಾಗ ಇಟ್ಟೆ. ಹಿಂದ ಹಸರ ಗುಡ್ಡ, ನೀಲಿ ಆಕಾಶದ ಚಿತ್ರ ಹಾಕಿದೆ. ಕಸದ ಬುಟ್ಟಿ ಚಿತ್ರಕ್ಕ ವಿಂಡೋಸಿನ ಹಳೇ ರೂಪ ಕೊಟ್ಟೆ. ಅವಂಗ ಜೀವಾ ತಂಪಾತು. ‘ಈಗ ನೋಡ್ರಿ ವಿಂಡೋಸ್ ಆತು’ ಅಂದ. ನಾ ಅಲ್ಲ ಅನ್ನಲಿಲ್ಲ. ಅಂವ ಊರಿಗೆ ಹೋಗಿ ತಿಕೋಟಾ ತುಂಬಾ ಹೇಳ್ಯಾನ, ಬ್ಯಾರೆ ಕಡೆ ಎಲ್ಲಾ ಡುಪ್ಲಿಕೇಟ್ ಹಾಕ್ತಾರ, ಅಸಲಿ ಬೇಕಂದ್ರ ಇವನ ಹತ್ರನ ಹೋಗ್ರಿ ಅಂತ.

ಪಟಗಾದ ಹಿಂದ ಏನಿತ್ತು

ಈ ವೇಷಾ ಹಾಕೂ ವಿದ್ಯಾ ಮನೀ ಮಂದಿಗೆ ಬೇಕಾಗತೈತಿ ಅಂತ ನಾ ಅಂದ್ಕೊಂಡಿದ್ದಿಲ್ಲ.

ನಮ್ಮಕ್ಕನ ಗಂಡಗ ನಾವು ಮಾಮಾ ಅಂತೀವಿ. ಬಬಲೇಶ್ವರದಾಗ ತಹಶೀಲ್ದಾರ ಕಚೇರಿ ಎದುರಿಗೆ ತಗಡಿನ ಅಂಗಡ್ಯಾಗ ಕುಂತು ಮಂದಿಗೆ ಅರ್ಜಿ ಟೈಪ್ ಮಾಡಿ ಕೊಡೂದು ಅವರ ಕೆಲಸ. ಅವರಿಗೆ ಲಕ್ವಾ ಹೊಡೀತು. ಬಲಗೈ ಬಿತ್ತು, ನಾಲಗಿ ದಪ್ಪ ಆತು, ಒಂದೊಂದ ಮಾತು ಎಲ್ಲೋ ಹೋಗಿ ಕುಂತಿತು. ಮೂರು ತಿಂಗಳು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ಡಾಕ್ಟರ್ ಹೇಳಿದ್ರು, ಹೊಸಾದು ಏನೂ ಕಲಸಾಕ ಹೋಗಬ್ಯಾಡ್ರಿ, ರೂಢಿ ಇದ್ದ ಕೆಲಸಕ್ಕ ಕುಂಡಸ್ರಿ, ಅದರಾಗ ಮನಸ ಬಿದ್ರ ಸುಧಾರಸ್ತಾರ, ಇಲ್ಲಂದ್ರ ಹಿಂಗ ಉಳೀತಾರ ಅಂತ. ಕುಂಡಸೂದು ಎಲ್ಲಿ? ಅವರು ಮಲಗಿದ್ದಾಗ ಅವರ ಕಂಪ್ಯೂಟರಿನ ಡಿಸ್ಕೂ ಸತ್ತಿತ್ತು.

ಅಕ್ಕ ಅದನ್ನ ಹಳೇ ಸೀರ್ಯಾಗ ಗಂಟ ಕಟ್ಟಿ, ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ನನ್ನ ಅಂಗಡಿಗೆ ಬಂದ್ಲು.

‘ತಮ್ಮಾ, ಇದರ ಹೊಟ್ಟ್ಯಾಗ ಏನರ ಹಾಕು. ಮಾರಿ ಮಾತ್ರ ಹಳೇದ ಇರ್ಲಿ. ಹೊಸಾದು ಅಂತ ತಿಳದ್ರ ನನ್ನಿಂದ ಆಗೂದಿಲ್ಲ ಅಂತ ಮತ್ತ ಗ್ವಾಡಿ ಕಡೆ ಹೊಳ್ಳತಾರ. ಆಮ್ಯಾಲ ಏಳೂದಿಲ್ಲ.’

ಹಳೇ ಮಾರಿ ಹೆಂಗಿತ್ತು ಅಂತ ನೋಡಾಕ ಇದ್ದದ್ದು ಒಂದ ಫೋಟೋ, ಅಕ್ಕನ ಫೋನಿನ್ಯಾಗ. ಮಾಮಾ ಕುರ್ಚಿ ಮ್ಯಾಲ ಕುಂತಾರ, ಎದುರಿಗೆ ಪರದೆ ಕಾಣತೈತಿ. ಖರೆ ನಡುವ ಒಬ್ಬ ಅಜ್ಜ ತಲಿಗೆ ಪಟಗಾ ಸುತ್ಕೊಂಡು ನಿಂತಾನ. ಪರದೆಯ ಬಲಗಡೆ ಅರ್ಧ ಆ ಪಟಗಾದ ಹಿಂದ ಹೋಗೇತಿ. ಅಲ್ಲಿ ಏನಿತ್ತು ಅಂತ ಅಕ್ಕನ್ನ ಕೇಳಿದೆ. ‘ನನಗೇನ ಗೊತ್ತೋ ಯಪ್ಪಾ, ಕೆಲಸದ್ದ ಇರ್ತೈತಿ. ಊಟಕ್ಕ ಕರದ್ರೂ ಕಣ್ಣ ತೆಗೀತಿದ್ದಿಲ್ಲ’ ಅಂದ್ಲು. ಕಂಡಷ್ಟು ಎಡಗಡೆ ಒಂದೊಂದ ಅಳತಿ ಮಾಡಿ ಜೋಡಿಸಿದೆ. ಬಲಗಡೆ ಖಾಲಿ ಬಿಟ್ಟೆ.

ಕಂಪ್ಯೂಟರ್ ಒಯ್ದು ಅವರ ಅಂಗಡ್ಯಾಗ ಇಟ್ಟು, ಮಾಮಾನ್ನ ತಂದು ಕುರ್ಚಿ ಮ್ಯಾಲ ಕುಂಡಸಿದ್ವಿ. ಎಡಗೈಲೆ ಮೌಸ್ ಹಿಡದು ಎಲ್ಲಾ ಕಡೆ ಆಡಿಸಿದ್ರು. ಬಲಗಡೆ ಬಂದು ನಿಂತ್ರು, ಅಲ್ಲೇ ಹುಡುಕಾಕ ಹತ್ತಿದ್ರು. ಅಕ್ಕನ ಮಾರಿ ಬೆಳ್ಳಗಾತು. ಗುರ್ತ ಹತ್ತಿತು, ಮುಗೀತು ಅಂತ ನಾನೂ ತಿಳದೆ. ಅಕ್ಕ ನೀರ ತರಾಕ ಹೊರಗ ಹೋಗೂತನಕ ಮಾಮಾ ತಡದ್ರು. ಆಮ್ಯಾಲ ನನ್ನ ಕಿವಿ ಹತ್ರ ಬಂದು, ದಪ್ಪ ನಾಲಗಿಲೆ ಕೇಳಿದ್ರು: ‘ಇಸ್ಪೇಟ ಎಲ್ಲಿ?’

ಹೋಮ್

ಆ ಹಗುರ ಸಿಸ್ಟಮಿನ್ಯಾಗ ಕಡತ ಇಡೂ ಜಾಗಕ್ಕ ‘ಹೋಮ್’ ಅಂತ ಹೆಸರ ಇರ್ತೈತಿ. ಎಲ್ಲಾ ಹೆಸರೂ ಬದಲ ಮಾಡಿದ್ದೆ, ಇದೊಂದು ಉಳೀತು. ಎರಡನೇ ದಿನ ಮಾಮಾನ ಕಣ್ಣು ಅದರ ಮ್ಯಾಲನ ಬಿತ್ತು. ಒಂದೊಂದ ಅಕ್ಷರ ಕೂಡಿಸಿ ಓದಿದ್ರು. ಮೊದಲ ಇದು ಇದ್ದಿಲ್ಲ ಅಂತ ತಲಿ ಅಲ್ಲಾಡಿಸಿದ್ರು. ನಾ ಬೆವತೆ.

‘ಮೂರು ತಿಂಗಳು ಮನ್ಯಾಗ ಬಿದ್ದಿದ್ದೆ,’ ಅಂದ್ರು. ‘ಇಲ್ಲೂ ಮನೀನ ತಂದ ಇಟ್ಟಾಳಲ್ಲೋ ನಿಮ್ಮಕ್ಕ.’

ಹುಟ್ಟಿದಾಗಿಂದ

ಮುಂದಿಂದು ನಡದಾಗೂ ನಾ ಅಲ್ಲೇ ಇದ್ದೆ.

ಒಬ್ಬಾಕಿ ಮುದುಕಿ ವಿಧವಾ ಪಿಂಚಣಿ ಅರ್ಜಿ ಬರಸಾಕ ಬಂದಿದ್ಲು. ಲಕ್ವಾ ಹೊಡದ ಮ್ಯಾಲ ಮಾಮಾನ ಮೊದಲನೇ ಅರ್ಜಿ ಅದು. ಹಳೇದೊಂದು ತೆಗದು, ಹೆಸರ ಬದಲ ಮಾಡಿದ್ರ ಸಾಕು. ಹಳೇ ಅರ್ಜಿ ಎಲ್ಲಾ ಅವರು ಪೆನ್‌ಡ್ರೈವಿನ್ಯಾಗ ಇಟ್ಟಿದ್ರು. ಚುಚ್ಚಿ ತೆಗದ್ರು. ಪರದೆ ತುಂಬಾ ಒಂದೂ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಕ್ಕ ಮ್ಯಾಲ ಟೊಪಗಿ, ಕೆಳಗ ಬಾಲಾ, ನಡುವ ಚುಕ್ಕಿ. ಆ ಹಳೇ ಕನ್ನಡ ಟೈಪಿಗೆ ಬೇಕಾದ ಫಾಂಟ್ ಹಾಕೂದು ನಾ ಮರ್ತಿದ್ದೆ. ಅದಿಲ್ಲದಿದ್ರ ಹಿಂಗ ಕಾಣತೈತಿ.

ಮಾಮಾ ಚಾಳೀಸ ತೆಗದ್ರು. ಎಡಗೈಲೆ ಧೋತರದ ತುದಿಗೆ ಒರಸಿ ಮತ್ತ ಹಾಕ್ಕೊಂಡ್ರು.

‘ತಮ್ಮಾ, ನನಗ ಓದಾಕ ಬರವಲ್ದು.’

ನನಗೂ ಬರವಲ್ದು ಮಾಮಾ, ಫಾಂಟ್ ಹಾರೇತಿ ಅಂದೆ. ಅವರು ನಂಬಲಿಲ್ಲ. ರೋಗಿಗೆ ಸಮಾಧಾನ ಹೇಳಾಕತ್ತಾನ ಅಂತ ತಿಳದ್ರು.

‘ಕಂಪ್ಯೂಟರ್ ಅದ ಐತಿ,’ ಅಂದ್ರು. ‘ಅರ್ಜಿನೂ ಅವ ಅದಾವ. ಬದಲಾಗಿದ್ದು ನನ್ನ ತಲಿ ಒಂದ.’

ಏನ ಹೇಳ್ಲಿ? ಇದು ಅದ ಅಲ್ಲ ಮಾಮಾ, ನಾ ವೇಷಾ ಹಾಕೇನಿ ಅಂದ್ರ, ಅಕ್ಕ ಅಂಜಿದ್ದ ಆಗತೈತಿ, ಹೊಳ್ಳಿ ಮಲಗ್ತಾರ. ಹೇಳಲಿಲ್ಲಂದ್ರ ತಮ್ಮ ತಲೀನ ಕೆಟ್ಟೈತಿ ಅಂತ ತಿಳೀತಾರ. ಎರಡೂ ಕಡೆ ಬೆಂಕಿ. ಅಷ್ಟ್ರಾಗ ಆ ಮುದುಕಿ ಬಗ್ಗಿ ಪರದೆ ನೋಡಿದ್ಲು.

‘ನನಗೂ ಹಂಗ ಕಾಣತೈತ್ರಿ ಸಾಹೇಬ್ರ’ ಅಂದ್ಲು.

ಮಾಮಾಗ ಜೀವಾ ಬಂದಂಗಾತು. ಆಕೀ ಕಡೆ ಹೊಳ್ಳಿ, ‘ಯಾವಾಗಿಂದ?’ ಅಂತ ಕೇಳಿದ್ರು.

‘ಹುಟ್ಟಿದಾಗಿಂದ್ರಿ. ನಾ ಸಾಲಿಗೇ ಹೋಗಿಲ್ಲ.’

ಮಾಮಾ ನಕ್ರು. ಬಾಯಿ ಅರ್ಧ ಮಾತ್ರ ನಗತಿತ್ತು, ಇನ್ನರ್ಧ ಸುಮ್ಮ ಇತ್ತು. ಲಕ್ವಾ ಹೊಡದ ಮ್ಯಾಲ ಅವರು ನಕ್ಕದ್ದು ನಾ ಆಗ ಮೊದಲ ಸಲ ನೋಡಿದ್ದು. ಹತ್ತು ನಿಮಿಷದಾಗ ಫಾಂಟ್ ಹಾಕಿದೆ, ಅಕ್ಷರ ಬಂದ್ವು, ತಲಿ ತಿಳಿ ಆತು ಅಂತ ಮಾಮಾ ತಿಳದ್ರು, ಅರ್ಜಿ ಆತು. ಆದ್ರ ಬಸ್ಸಿನ್ಯಾಗ ಬರ್ತಾ ದಾರಿ ತುಂಬಾ ‘ನನ್ನ ತಲಿ ಒಂದ’ ಅಂದದ್ದ ಕಿವ್ಯಾಗ. ನಾ ಮಾಡಾಕತ್ತಿದ್ದು ಉಪಕಾರೋ ಪಾಪೋ ತಿಳೀಲಿಲ್ಲ.

ಸತ್ತಾಂವ ಬಂದಿದ್ದ

ಅಲ್ಲಿಂದ ಮಾಮಾ ದಿನಾ ಅಂಗಡಿಗೆ ಬಂದು ಕುಂಡ್ರಾಕ ಹತ್ತಿದ್ರು. ಆದ್ರ ತಪ್ಪು ಬೀಳಾಕತ್ವು. ಒಬ್ಬರ ಊರು ಇನ್ನೊಬ್ಬರಿಗೆ, ಒಬ್ಬರ ಅವ್ವ ಇನ್ನೊಬ್ಬರಿಗೆ. ಮೊದಲ ಮಾಮಾನ ಅರ್ಜ್ಯಾಗ ಒಂದ ಕೊಂಬು ತಪ್ಪತಿದ್ದಿಲ್ಲ. ಜನಾ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಖರೆ ಆಜೂಬಾಜೂ ಅಂಗಡಿ ಕಡೆ ನೋಡಾಕ ಹತ್ತಿದ್ರು. ಇನ್ನ ಸಾಕು, ನಾ ಮನ್ಯಾಗ ಇರ್ತೀನಿ ಅಂತ ಮಾಮಾ ಅಂದ್ರಂತ. ಅಕ್ಕ ಫೋನಿನ್ಯಾಗ ಅಳಾಕ ಹತ್ತಿದ್ಲು. ಮರುದಿನ ಬೆಳಿಗ್ಗೆ ಬಬಲೇಶ್ವರಕ್ಕ ಹೋದೆ.

ನಾ ಹೋದಾಗ ಒಬ್ಬ ರೈತ ಕಾಗದಾ ಹಿಡ್ಕೊಂಡು ನಿಂತಿದ್ದ. ಅವರಪ್ಪ ತೀರಿಕೊಂಡಿದ್ದ. ಹೊಲದ ಉತಾರ್ಯಾಗ, ಅಂದ್ರ ಪಹಣ್ಯಾಗ, ಅಪ್ಪನ ಹೆಸರ ತೆಗದು ತನ್ನ ಹೆಸರ ಹಚ್ಚರಿ ಅಂತ ವಾರಸಾ ಅರ್ಜಿ ಬರಸಿದ್ದ. ಮಾಮಾ ಎರಡೂ ಹೆಸರ ಅದಲಬದಲ ಮಾಡಿದ್ರು. ಅರ್ಜಿ ಪ್ರಕಾರ ಸತ್ತಾಂವ ಮಗ, ಹೊಲಾ ಆಗಬೇಕಾದ್ದು ಅಪ್ಪನ ಹೆಸರಿಗೆ. ಅಂವ ಓದದ ಹಂಗ ಕಚೇರಿಗೆ ಒಯ್ದಿದ್ದ, ಸಹಿ ಸರಿ ಇಲ್ಲ ಅಂತ ಅಲ್ಲಿಂದ ಹೊಳ್ಳಿ ಕಳಸಿದ್ರು.

ಅಂವ ಸಿಟ್ಟಿಗೇನೂ ಬಂದಿದ್ದಿಲ್ಲ. ಮಾಮಾನ ಕೈ ನೋಡಿ ಸಣ್ಣ ದನಿಲೆ ಹೇಳಿದ: ‘ಸರ, ನಾ ಸತ್ತೇನಿ ಅಂತ ಬರದೀರಿ, ಇರ್ಲಿ ಬಿಡ್ರಿ. ಖರೆ ಸಹಿಗೆ ನಮ್ಮಪ್ಪನ್ನ ಎಲ್ಲಿಂದ ತರ್ಲಿ?’

ದುರಸ್ತಿ

ನನಗ ನಗು ಬಂತು. ಮಾಮಾನ ಕಣ್ಣಾಗ ನೀರ ಬಂತು. ರೈತಗ ಮಧ್ಯಾಹ್ನ ಬಾ ಅಂತ ಹೇಳಿ, ಅಕ್ಕನ್ನ ಚಹಾ ತರಾಕ ಕಳಸಿ, ಮಾಮಾ ನನ್ನ ಕಡೆ ಹೊಳ್ಳಿದ್ರು.

‘ತಮ್ಮಾ, ಒಂದ ಕೇಳ್ತೀನಿ. ತಲಿ ಕೆಟ್ಟಿದ್ರ ಎಲ್ಲಾ ನಿಧಾನ ಆಗಬೇಕು. ಈ ಕಂಪ್ಯೂಟರ್ ಯಾಕ ಜೋರ ಆಗೇತಿ?’

ಇನ್ನ ಮುಚ್ಚಾಕ ನನ್ನ ಕೈಲೆ ಆಗಲಿಲ್ಲ. ಎಲ್ಲಾ ಹೇಳಿಬಿಟ್ಟೆ. ಹಳೇ ಡಿಸ್ಕ್ ಸತ್ತದ್ದು, ಒಳಗ ಬ್ಯಾರೆ ಸಿಸ್ಟಮ್ ಹಾಕಿದ್ದು, ಹಸರ ಗುಡ್ಡಾ, ಕಸದ ಬುಟ್ಟಿ, ಎಲ್ಲಾ ವೇಷಾ ಅಂತ. ಅವತ್ತು ಅಕ್ಷರ ಹೋದದ್ದು ನನ್ನ ಮರವಿಲೆ ಅಂತಾನೂ ಹೇಳಿದೆ. ಮಾಮಾ ಎಡಗೈಲೆ ಪರದೆ ಮುಟ್ಟಿ ನೋಡಿದ್ರು.

‘ಅಂದ್ರ ಬದಲಾಗಿದ್ದು ಇದು. ನನ್ನ ತಲಿ ಅಲ್ಲ.’

‘ಅಲ್ಲ ಮಾಮಾ.’

ಅವರು ಎಡಗೈಲೆ ನನ್ನ ತೊಡಿ ಹಿಡಕೊಂಡು ಅತ್ರು. ನಾನೂ ಅತ್ತೆ. ಅವರು ಅಂಜಬಾರದು ಅಂತ ಹಳೇ ಮಾರಿ ಮಾಡಿ ಕೊಟ್ಟು, ಇಷ್ಟ ದಿನಾ ನಾನ ಅವರನ್ನ ಅಂಜಿಸಿ ಇಟ್ಟಿದ್ದೆ. ಅವರು ಗ್ವಾಡಿ ಕಡೆ ಹೊಳ್ಳಲಿಲ್ಲ. ಕಣ್ಣ ಒರಸ್ಕೊಂಡು ತಪ್ಪು ಯಾಕ ಬೀಳತಾವ ಅಂತ ಹೇಳಾಕ ಹತ್ತಿದ್ರು. ಹಳೇದು ಚಾಲೂ ಆಗಾಕ ಹತ್ತು ನಿಮಿಷ ತಗೋತಿತ್ತಂತ. ಕರೆಂಟ್ ಉಳೀಲಿ ಅಂತ ಒಂದೊಂದ ಅರ್ಜಿ ಆದಂಗ ಬಂದ್ ಮಾಡಿ ಇಡತಿದ್ರಂತ, ಯಾರರ ಬಂದ್ರ ಗುಂಡಿ ಒತ್ತಿ, ಬಂದಾಂವನ ಕಡೆ ಹೊಳ್ಳಿ ಕುಂಡ್ರತಿದ್ರಂತ. ಅದು ಏಳೂತನಕ ಅಂವ ತನ್ನ ಕತಿ ಎಲ್ಲಾ ಹೇಳಿ, ಅಳೂದಿದ್ರ ಅತ್ತು ಮುಗಸ್ತಿದ್ದ. ಯಾರು ಸತ್ತಾರ, ಯಾರು ಉಳದಾರ ಅಂತ ಇವರಿಗೆ ಅವಾಗ ತಿಳೀತಿತ್ತು. ಈಗ ಗುಂಡಿ ಒತ್ತೂದ ತಡಾ, ಪರದೆ ಬಂದು ನಿಲ್ಲತೈತಿ. ಬಂದಾಂವನೂ ಬರೀರಿ ಅಂತ ನಿಲ್ಲತಾನ. ಇವರಿಗೆ ಕೇಳಾಕ ಬಾಯಿ ಹೊಳ್ಳೂದಿಲ್ಲ, ಅವಸರಕ್ಕ ಟೈಪ್ ಮಾಡ್ತಾರ.

‘ಮಾರಿ ಹೆಂಗರ ಇರ್ಲಿ,’ ಅಂದ್ರು. ‘ಆ ಹತ್ತು ನಿಮಿಷ ನನಗ ತಿರುಗಿ ಕೊಡು.’

ಕಂಪ್ಯೂಟರ್ ಜೋರ ಮಾಡಿಕೊಡ್ರಿ ಅಂತ ಬಂದವರನ್ನ ಎಷ್ಟ ಮಂದಿ ನೋಡೇನಿ. ನಿಧಾನ ಮಾಡೂದು ಹೆಂಗ ಅಂತ ನನಗ ಗೊತ್ತಿದ್ದಿಲ್ಲ. ಅರ್ಧ ದಿನಾ ಕುಂತು ಮಾಡಿದೆ. ಈಗ ಗುಂಡಿ ಒತ್ತಿದ್ರ ನೀಲಿ ಪರದೆ ಬರತೈತಿ, ಕೆಳಗ ಸಣ್ಣ ಗೀಟು ಹರಕೋತ ಹೋಗತೈತಿ, ಹತ್ತು ನಿಮಿಷ ಏನೂ ಆಗೂದಿಲ್ಲ. ಮಧ್ಯಾಹ್ನ ಆ ರೈತ ಬಂದ. ಗೀಟು ಮುಗಿಯೂತನಕ ಅವರಪ್ಪ ಹೆಂಗ ತೀರಿಕೊಂಡ ಅಂತ ಹೇಳಿದ. ಈ ಸಲ ಅರ್ಜ್ಯಾಗ ಅಪ್ಪ ಸತ್ತಿದ್ದ, ಮಗ ಬದಕಿದ್ದ.

ಬಲಗೈ ಇನ್ನ ಬರೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಎಡಗೈಯ ಒಂದ ಬೆರಳಿಲೆ ಅರ್ಜಿ ಆಗತಾವ. ಮೊದಲ ದಿನಕ್ಕ ಇಪ್ಪತ್ತು ಮಾಡಾವ್ರು ಈಗ ಐದು ಮಾಡ್ತಾರ. ಆದ್ರ ತಪ್ಪು ಬೀಳೂದಿಲ್ಲ, ದಿನಾ ತಾವ ಬಂದು ಬೀಗ ತೆಗೀತಾರ.

ಹೋದ ವಾರ ನಾ ಅಲ್ಲೇ ಕುಂತಿದ್ದೆ. ಒಬ್ಬ ಗುತ್ತಿಗೆದಾರ ಬಂದ. ಗಾಡಿ ಕೀಲಿ ಬೆರಳಿನ್ಯಾಗ ತಿರುಗಸ್ತಾ ಆ ಗೀಟು ನೋಡಿದ, ಗಡಿಯಾರ ನೋಡಿದ, ಮತ್ತ ಗೀಟು ನೋಡಿದ. ‘ಏನ್ರಿ ಸರ ಇದು, ಇಷ್ಟ ನಿಧಾನ? ಯಾರಿಗರ ತೋರಸಬಾರದೇನ್ರಿ?’ ಅಂದ.

ಮಾಮಾ ಎಡಗೈಲೆ ನನ್ನ ತೋರಿಸಿದ್ರು.

‘ತೋರಿಸೇನ್ರಿ. ಮೊದಲ ಬಾಳ ಜೋರ ಇತ್ತು. ಇವರು ಬಿಜಾಪುರದಿಂದ ಬಂದು ರಿಪೇರಿ ಮಾಡ್ಯಾರ.’